ಗೆಟ್ಟಿಸ್‌ಬರ್ಗ್ ಎಂದು ಟಿಕ್ ಹಾಕುವ ಮೊದಲು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯ ಸ್ಪರ್ಧಾತ್ಮಕ ಪರೀಕ್ಷೆಗಳ ಪುಟದಲ್ಲಿ ಈಚೆಗೆ ‘ಅಮೆರಿಕದ ಅಂತರ್ಯುದ್ಧಕ್ಕೆ ತಿರುವು ಕೊಟ್ಟ ಕದನ ಯಾವುದು?’ ಎಂದು ಕೇಳಿ, ಕೆಳಗೆ ‘ಗೆಟ್ಟಿಸ್‌ಬರ್ಗ್, 1863’ ಎಂದು ಉತ್ತರ ಕೊಟ್ಟಿದ್ದೀರಿ. ಗೈಡುಗಳಲ್ಲಿರುವುದೂ ಅದೇ, ಬೀದರ, ಕಲಬುರಗಿಯ ಕೋಚಿಂಗ್ ಕ್ಲಾಸುಗಳಲ್ಲಿ ಹುಡುಗರು ಉರು ಹೊಡೆಯುವುದೂ ಅದನ್ನೇ. ಟಿಕ್ ಹಾಕಿದರೆ ಅಂಕ ಬರುತ್ತದೆ, ಅದರ ಬಗ್ಗೆ ನಮ್ಮ ತಕರಾರಿಲ್ಲ. ಆದರೆ ‘ಯಾಕೆ ಗೆಟ್ಟಿಸ್‌ಬರ್ಗ್?’ ಎಂದು ಮರುಪ್ರಶ್ನೆ ಹಾಕಿ ನೋಡಿ. ‘ಅಲ್ಲಿ ಎಲ್ಲಕ್ಕಿಂತ ಹೆಚ್ಚು ಜನ ಸತ್ತರು ಸರ್’ ಎನ್ನುತ್ತಾರೆ. ಮುಖ್ಯ ಪರೀಕ್ಷೆಯಲ್ಲಿ ಹತ್ತು ಅಂಕದ ಪ್ರಶ್ನೆಯಾಗಿ ಇದೇ ಬಂದರೆ ಈ ಕಾರಣಕ್ಕೆ ಎರಡು ಅಂಕವೂ ಸಿಗಲಾರದು. ಇತಿಹಾಸ ಪಾಠ ಹೇಳುವ ನಾವು ಕೆಲವರು ಕೂಡಿ ಈ ಪತ್ರ ಬರೆದಿದ್ದೇವೆ. ಉದ್ದವಾಗಿದೆ. ಕತ್ತರಿಸಲೇಬೇಕಾದರೆ ವಿಶೇಷಣಗಳನ್ನು ಕತ್ತರಿಸಿ, ಇಸವಿ ಮತ್ತು ಅಂಕಿಗಳನ್ನು ಉಳಿಸಿ.

ಮೊದಲು ಆ ಸತ್ತವರ ಲೆಕ್ಕ. ಗೆಟ್ಟಿಸ್‌ಬರ್ಗ್‌ನಲ್ಲಿ 1863ರ ಜುಲೈ 1ರಿಂದ 3ರವರೆಗೆ ‘51,000 ಮಂದಿ ಸತ್ತರು’ ಎಂದು ಎಷ್ಟೋ ಕಡೆ ಅಚ್ಚಾಗಿದೆ. ಅದು ಸತ್ತವರು, ಗಾಯಗೊಂಡವರು, ಸೆರೆಸಿಕ್ಕವರು, ಕಾಣೆಯಾದವರು ಎಲ್ಲರನ್ನೂ ಕೂಡಿಸಿದ ಮೊತ್ತ. ರಣದಲ್ಲೇ ಪ್ರಾಣಬಿಟ್ಟವರು ಏಳೆಂಟು ಸಾವಿರ. ಕದನದ ಪರಿಣಾಮ ಅಳೆಯುವವನು ಈ ನಾಲ್ಕು ಬಾಬ್ತುಗಳನ್ನು ಬೇರೆ ಬೇರೆ ಮಾಡಿಕೊಳ್ಳಬೇಕು. ಗಾಯಗೊಂಡವರಲ್ಲಿ ಒಂದು ಪಾಲು ಮೂರ್ನಾಲ್ಕು ತಿಂಗಳಲ್ಲಿ ಮತ್ತೆ ಪಡೆಗೆ ಮರಳುತ್ತದೆ. ಸೆರೆಸಿಕ್ಕವನು, ಅದಲುಬದಲು ಏರ್ಪಾಡು ಇದ್ದರೆ ಮರಳುತ್ತಾನೆ, ಇಲ್ಲದಿದ್ದರೆ ಇಲ್ಲ. ಸತ್ತ ಸಿಪಾಯಿಯ ಜಾಗಕ್ಕೆ ಹೊಸಬ ಬರಬಹುದು, ಸತ್ತ ರೆಜಿಮೆಂಟ್ ಅಧಿಕಾರಿಯ ಜಾಗ ತುಂಬುವುದು ಅಷ್ಟು ಸುಲಭವಲ್ಲ. ಒಕ್ಕೂಟ ಬಿಟ್ಟು ದಂಗೆಯೆದ್ದ ದಕ್ಷಿಣದ ರಾಜ್ಯಗಳ ಸೇನಾನಿ ಲೀ ದಂಡು ಗೆಟ್ಟಿಸ್‌ಬರ್ಗ್‌ನಲ್ಲಿ ಕಳೆದುಕೊಂಡದ್ದರಲ್ಲಿ ನಿಜವಾಗಿ ಭಾರವಾದದ್ದು ಇದೇ: ಅವನ ಜನರಲ್‌ಗಳಲ್ಲಿ ಸುಮಾರು ಮೂರನೇ ಒಂದು ಭಾಗ ಸತ್ತರು, ಗಾಯಗೊಂಡರು ಅಥವಾ ಸೆರೆಯಾದರು.

ಈಗ ನಮ್ಮ ಒರೆಗಲ್ಲು. ಸೋತವನು ಕದನದ ಹಿಂದಿನ ದಿನ ಮಾಡಬಹುದಾಗಿದ್ದ ಯಾವ ಕೆಲಸ ಮರುದಿನದಿಂದ ಅವನ ಕೈಲಿ ಆಗದೆ ಹೋಯಿತು? ಆ ನಷ್ಟವನ್ನು ಅವನು ಮುಂದೆ ಎಂದಾದರೂ ತುಂಬಿಕೊಂಡನೇ? ಈ ಎರಡು ಪ್ರಶ್ನೆಗೆ ಇಸವಿ, ಊರು, ಅಂಕಿ ಹಿಡಿದು ಉತ್ತರ ಹೇಳಲಾದರೆ ಅದು ತಿರುವು. ‘ಧೈರ್ಯ ಕುಗ್ಗಿತು’, ‘ಅಲೆ ಹಿಂದೆ ಸರಿಯಿತು’ ಎಂಬಂಥ ಮಾತು ಮಾತ್ರ ಬಂದರೆ ಅದು ದೊಡ್ಡ ಕದನ, ಅಷ್ಟೇ. ಎರಡು ದೇಶಗಳ ನಡುವಿನ ಯುದ್ಧದಲ್ಲಿ ಗಡಿಯಾದರೂ ಇರುತ್ತದೆ, ಒಪ್ಪಂದ ಮಾಡಿಕೊಂಡು ಹಿಂದೆ ಸರಿಯಲು ಜಾಗವಿರುತ್ತದೆ. ಅಂತರ್ಯುದ್ಧದಲ್ಲಿ ಎರಡೂ ಕಡೆಯವರಿಗೆ ಬೇಕಾಗಿರುವುದು ಅದೇ ನೆಲ, ಅದೇ ಖಜಾನೆ, ಅದೇ ಜನರ ನಿಷ್ಠೆ. ಅದಕ್ಕೇ ಅಲ್ಲಿ ರಣರಂಗದಾಚೆ ನಿಂತು ನೋಡುತ್ತಿರುವವನ ನಿರ್ಧಾರಕ್ಕೆ ತೂಕ ಹೆಚ್ಚು: ಇನ್ನೂ ಯಾವ ಕಡೆಗೂ ವಾಲದ ಸಾಮಂತ, ಸಾಲ ಕೊಡುವ ಸಾಹುಕಾರ, ಮನ್ನಣೆ ಕೊಡಬಹುದಾದ ಪರದೇಶ, ಮತ ಹಾಕುವ ರೈತ.

ಈ ಒರೆಗಲ್ಲಿಗೆ ಗೆಟ್ಟಿಸ್‌ಬರ್ಗ್ ಉಜ್ಜಿ ನೋಡೋಣ. ಲೀ ಸುಮಾರು 75,000 ಜನರೊಂದಿಗೆ ಉತ್ತರದ ಪೆನ್ಸಿಲ್ವೇನಿಯಾಕ್ಕೆ ನುಗ್ಗಿದ್ದ. ಮೂರನೆಯ ದಿನ ಮಧ್ಯಾಹ್ನ ಸುಮಾರು 12,500 ಮಂದಿಯನ್ನು ಬಯಲಲ್ಲಿ ನಡೆಸಿ ಉತ್ತರದ ಸೇನಾನಿ ಮೀಡ್ ಸಾಲಿನ ನಡುಮಧ್ಯಕ್ಕೆ ಎಸೆದ. ಅರ್ಧದಷ್ಟು ಜನ ಬಿದ್ದರು, ಇಲ್ಲವೇ ಸೆರೆಯಾದರು. ಸೋಲು ಖಂಡಿತ. ಆದರೆ ಮುಂದೇನಾಯಿತು? ಗಾಯಾಳುಗಳ ಬಂಡಿಸಾಲು 27 ಕಿಲೋಮೀಟರ್ ಉದ್ದವಿತ್ತು, ಹಿಂದೆ ಪೊಟೊಮ್ಯಾಕ್ ನದಿ ಮಳೆಗೆ ಉಕ್ಕಿತ್ತು, ಸೇತುವೆ ಹಾಳಾಗಿತ್ತು. ದಿನಗಟ್ಟಲೆ ಲೀ ನದಿಯನ್ನು ಬೆನ್ನಿಗಿಟ್ಟುಕೊಂಡು ಸಿಕ್ಕಿಬಿದ್ದಿದ್ದ. ಮೀಡ್ ಬಲವಾಗಿ ಎರಗಲಿಲ್ಲ. ಜುಲೈ 13ರ ರಾತ್ರಿ ಲೀ ನದಿ ದಾಟಿದ. ಉತ್ತರದ ಅಧ್ಯಕ್ಷ ಲಿಂಕನ್ ಸಿಟ್ಟಿನಿಂದ ಮೀಡ್‌ಗೆ ಒಂದು ಪತ್ರ ಬರೆದು, ಕಳಿಸದೆ ಇಟ್ಟುಕೊಂಡ. ಮುಂದಿನ ಮೇ ಹೊತ್ತಿಗೆ ಲೀ ಕೈಯಲ್ಲಿ ಮತ್ತೆ ಸುಮಾರು 65,000 ಜನರಿದ್ದರು, ಯುದ್ಧ ಇನ್ನೂ 21 ತಿಂಗಳು ನಡೆಯಿತು. ‘ಆಮೇಲೆ ದಕ್ಷಿಣದವರು ಉತ್ತರಕ್ಕೆ ಕಾಲಿಡಲೇ ಇಲ್ಲ’ ಎಂದು ಬರೆಯುವವರು 1864ರ ಜುಲೈ 11-12ನ್ನು ಮರೆತಿರುತ್ತಾರೆ: ಆ ಎರಡು ದಿನ ದಕ್ಷಿಣದ ಒಂದು ದಂಡು ವಾಷಿಂಗ್ಟನ್ ನಗರದ ಅಂಚಿನ ಸ್ಟೀವನ್ಸ್ ಕೋಟೆಯ ಮುಂದೆ ನಿಂತಿತ್ತು. ಲೀ ಕಳೆದುಕೊಂಡದ್ದು ಒಂದು ಕೆಲಸ: ತನ್ನ ಇಡೀ ಸೈನ್ಯವನ್ನು ಶತ್ರುವಿನ ನೆಲಕ್ಕೆ ಒಯ್ದು ಅಲ್ಲಿ ದೊಡ್ಡ ಕದನ ಕೊಡುವ ಶಕ್ತಿ. ಅದು ಸಣ್ಣದಲ್ಲ. ಆದರೆ ದಂಗೆಯೆದ್ದ ಕಡೆಗೆ ಗೆಲ್ಲಲು ಶತ್ರುವಿನ ನೆಲವೇ ಬೇಕಾಗಿರಲಿಲ್ಲ. ಉತ್ತರದವರಿಗೆ ಸಾಕಾಗುವವರೆಗೆ ಸೋಲದೆ ನಿಂತಿದ್ದರೆ ನಡೆಯುತ್ತಿತ್ತು. ಆ ದಾರಿ ಗೆಟ್ಟಿಸ್‌ಬರ್ಗ್‌ನಲ್ಲಿ ಮುಚ್ಚಲಿಲ್ಲ.

ಅದೇ ವಾರ, 1,300 ಕಿಲೋಮೀಟರಿಗೂ ಆಚೆ, ಮಿಸಿಸಿಪ್ಪಿ ನದಿಯ ದಂಡೆಯ ವಿಕ್ಸ್‌ಬರ್ಗ್‌ನಲ್ಲಿ ನಡೆದದ್ದು ಬೇರೆ ಜಾತಿಯ ಕೆಲಸ. ಗೈಡುಗಳಲ್ಲಿ ಇದಕ್ಕೆ ಒಂದು ಸಾಲು: ‘ಜುಲೈ 4ರಂದು ವಿಕ್ಸ್‌ಬರ್ಗ್ ಶರಣಾಯಿತು’. ಆ ಒಂದು ಸಾಲಿನ ಹಿಂದಿನ ಕಸುಬು ಗೊತ್ತಾಗದೆ ತಿರುವು ಎಂದರೇನೆಂದು ಹುಡುಗರಿಗೆ ಹೇಳುವುದು ಕಷ್ಟ, ಹಾಗಾಗಿ ತುಸು ಬಿಡಿಸಿ ಬರೆಯುತ್ತೇವೆ.

ವಿಕ್ಸ್‌ಬರ್ಗ್ ನದಿಯ ತಿರುವಿನಲ್ಲಿ ಎತ್ತರದ ದಿಣ್ಣೆಯ ಮೇಲಿತ್ತು. ನದಿಯ ಕಡೆ ತೋಪುಗಳ ಸಾಲು, ಉತ್ತರದಲ್ಲಿ ಜೌಗು. ಉತ್ತರದ ಸೇನಾನಿ ಗ್ರಾಂಟ್ ಚಳಿಗಾಲವೆಲ್ಲ ಕಾಲುವೆ ತೋಡಿಸಿ, ಹಳ್ಳಗಳಲ್ಲಿ ದೋಣಿ ನುಗ್ಗಿಸಿ ಸೋತ. ಕೊನೆಗೆ ದಂಡನ್ನು ಪಶ್ಚಿಮ ದಂಡೆಯಲ್ಲಿ ದಕ್ಷಿಣಕ್ಕೆ ನಡೆಸಿದ. ಏಪ್ರಿಲ್ 16ರ ರಾತ್ರಿ ಹಡಗುಗಳು ತೋಪುಗಳ ಕೆಳಗಿನಿಂದಲೇ ನುಸುಳಿ ಬಂದವು. ಏಪ್ರಿಲ್ 30ರಂದು ಬ್ರೂಯಿನ್ಸ್‌ಬರ್ಗ್ ಎಂಬಲ್ಲಿ ಪೂರ್ವ ದಂಡೆಗೆ ದಾಟಿದ. ಅಲ್ಲಿಂದ ಸೀದಾ ಉತ್ತರಕ್ಕೆ, ವಿಕ್ಸ್‌ಬರ್ಗ್ ಮೇಲೆ ಹೋಗಬಹುದಿತ್ತು. ಹೋಗಲಿಲ್ಲ. ಊರಿಗೆ ಅನ್ನ ಬರುತ್ತಿದ್ದುದು ಪೂರ್ವಕ್ಕೆ ಸುಮಾರು 70 ಕಿಲೋಮೀಟರ್ ದೂರದ ಜಾಕ್ಸನ್ ಪಟ್ಟಣದಿಂದ, ಎರಡು ರೈಲು ಹಾದಿಗಳು ಕೂಡುವ ಜಾಗದಿಂದ. ವಾಡಿ ಜಂಕ್ಷನ್ ಕೈತಪ್ಪಿದರೆ ಸೊಲ್ಲಾಪುರದ ಕಡೆಯಿಂದಲೂ ಇಲ್ಲ, ಗುಂತಕಲ್ಲಿನ ಕಡೆಯಿಂದಲೂ ಇಲ್ಲ, ಸಿಕಂದರಾಬಾದಿನಿಂದಲೂ ಇಲ್ಲ ಎಂದು ನಮ್ಮ ಭಾಗದ ಯಾವ ಹುಡುಗನೂ ಹೇಳಬಲ್ಲ. ಜಾಕ್ಸನ್ ಆ ಬಗೆಯ ಜಾಗ.

ಗ್ರಾಂಟ್ 17 ದಿನಗಳಲ್ಲಿ ಐದು ಕದನ ಮಾಡಿದ: ಮೇ 1ರಂದು ಪೋರ್ಟ್ ಗಿಬ್ಸನ್, 12ರಂದು ರೇಮಂಡ್, 14ರಂದು ಜಾಕ್ಸನ್, 16ರಂದು ಚಾಂಪಿಯನ್ ಹಿಲ್, 17ರಂದು ಬಿಗ್ ಬ್ಲ್ಯಾಕ್ ನದಿ. ‘ರಸದು ಇಲ್ಲದೆ ನಡೆದ’ ಎನ್ನುವುದು ಅರ್ಧ ಸತ್ಯ. ಮಾಂಸ, ಜೋಳವನ್ನು ದಾರಿಯ ಹೊಲಮನೆಗಳಿಂದ ಎತ್ತಿಕೊಂಡ. ಮದ್ದುಗುಂಡು, ಕಾಫಿ, ಉಪ್ಪು, ಗಟ್ಟಿ ಬಿಸ್ಕತ್ತು ಮಾತ್ರ ಬಂಡಿಗಳಲ್ಲಿ ಹಿಂದಿನಿಂದ ಬರುತ್ತಲೇ ಇದ್ದವು. ಹೊಲದಲ್ಲಿ ಸಿಗುವುದನ್ನು ಹೊರಬಾರದು, ಸಿಗದ್ದನ್ನು ಬಿಡಬಾರದು. ಈ ಲೆಕ್ಕ ತಪ್ಪಿದ ದಂಡುಗಳು ಇತಿಹಾಸದುದ್ದಕ್ಕೂ ಇವೆ. ಎದುರಿಗೆ ದಕ್ಷಿಣದವರದು ಎರಡು ತಲೆ: ಊರನ್ನು ಬಿಡಬೇಡ ಎಂದು ಅಧ್ಯಕ್ಷ ಡೇವಿಸ್, ಊರು ಬಿಟ್ಟು ನನ್ನೊಡನೆ ಬಂದು ಕೂಡು ಎಂದು ಜನರಲ್ ಜಾನ್‌ಸ್ಟನ್. ನಡುವೆ ಸಿಕ್ಕ, ವಿಕ್ಸ್‌ಬರ್ಗ್ ಕಾಯುತ್ತಿದ್ದ ಪೆಂಬರ್ಟನ್ ಎರಡನ್ನೂ ಅರ್ಧರ್ಧ ಮಾಡಿದ.

ಚಾಂಪಿಯನ್ ಹಿಲ್‌ನಲ್ಲಿ ಉತ್ತರದ ಸುಮಾರು 32,000, ದಕ್ಷಿಣದ ಸುಮಾರು 23,000 ಜನ ಎದುರಾದರು. ನಷ್ಟ ಉತ್ತರಕ್ಕೆ ಸುಮಾರು 2,400, ದಕ್ಷಿಣಕ್ಕೆ ಸುಮಾರು 3,800. ಗೆಟ್ಟಿಸ್‌ಬರ್ಗ್‌ನ ಮೊತ್ತದ ಎಂಟನೇ ಒಂದು ಭಾಗ ಇರಬಹುದು. ಆದರೆ ಆ ಸಂಜೆಯ ನಂತರ ಪೆಂಬರ್ಟನ್ ಮತ್ತು ಜಾನ್‌ಸ್ಟನ್ ಒಂದಾಗುವ ದಾರಿ ಮುಚ್ಚಿತು, ಪೆಂಬರ್ಟನ್‌ನ ಒಂದು ಡಿವಿಷನ್ ಅವನಿಂದ ಕಡಿದುಹೋಗಿ ಬೇರೆ ದಿಕ್ಕಿಗೆ ನಡೆಯಿತು, ಉಳಿದವರು ಕೋಟೆಯೊಳಗೆ ಹೊಕ್ಕರು. ಪಶ್ಚಿಮದಲ್ಲಿ ಇಡೀ ಯುದ್ಧ ಯಾವ ಗಂಟೆಯಲ್ಲಿ ತಿರುಗಿತು ಎಂದು ನಮ್ಮನ್ನು ಕೇಳಿದರೆ, ಯಾರೂ ಪ್ರಶ್ನೆಪತ್ರಿಕೆಯಲ್ಲಿ ಹಾಕದ ಈ ಮೇ 16ರ ಮಧ್ಯಾಹ್ನವನ್ನೇ ಹೇಳುತ್ತೇವೆ.

ಗ್ರಾಂಟ್ ಮೇ 19, 22ರಂದು ಗೋಡೆಯ ಮೇಲೆ ನೇರ ದಾಳಿ ಮಾಡಿ ಕೈಸುಟ್ಟುಕೊಂಡ; ಎರಡನೆಯ ದಿನವೊಂದರಲ್ಲೇ ಸುಮಾರು 3,200 ಜನರನ್ನು ಕಳೆದುಕೊಂಡ. ಆಮೇಲೆ ಗುದ್ದಲಿ ಹಿಡಿಸಿದ. ಮುತ್ತಿಗೆ 47 ದಿನ. ಊರೊಳಗೆ ಹೇಸರಗತ್ತೆಯ ಮಾಂಸ, ಅಲಸಂದೆ ಹಿಟ್ಟಿನ ರೊಟ್ಟಿ. ಆ ರೊಟ್ಟಿ ಹೊರಗೆ ಕಲ್ಲಿನಂತೆ ಗಟ್ಟಿ, ಒಳಗೆ ಹಸಿ ಇರುತ್ತಿತ್ತಂತೆ. ಬೇಳೆಯ ಹಿಟ್ಟಿನಿಂದಲೇ ರೊಟ್ಟಿ ಬಡಿಯಲು ನೋಡಿದರೆ ಏನಾಗುತ್ತದೆಂದು ತೊಗರಿ ನಾಡಿನವರಿಗೆ ವಿವರಿಸಬೇಕಾಗಿಲ್ಲ. ಜುಲೈ 4ರಂದು ಸುಮಾರು 29,500 ಜನ, 172 ತೋಪು, ಐವತ್ತು ಸಾವಿರಕ್ಕೆ ಕಡಿಮೆಯಿಲ್ಲದ ಬಂದೂಕುಗಳು ಉತ್ತರದವರ ವಶವಾದವು. ಐದು ದಿನಕ್ಕೆ, ಜುಲೈ 9ರಂದು, ಕೆಳಗಿನ ಪೋರ್ಟ್ ಹಡ್ಸನ್ ಕೂಡ ಶರಣಾಯಿತು. ಸೇಂಟ್ ಲೂಯಿಸ್‌ನಿಂದ ಹೊರಟ ಉಗಿಹಡಗು ಅಡೆತಡೆಯಿಲ್ಲದೆ ಜುಲೈ 16ರಂದು ನ್ಯೂ ಆರ್ಲಿಯನ್ಸ್ ಮುಟ್ಟಿತು.

ಇಲ್ಲೂ ಎರಡು ಎಚ್ಚರಿಕೆ ಬೇಕು. ಸೆರೆಸಿಕ್ಕ 29,500 ಜನರನ್ನು ಗ್ರಾಂಟ್ ಸೆರೆಮನೆಗೆ ಕಳಿಸಲಿಲ್ಲ. ಅಷ್ಟು ಜನರನ್ನು ಮೇಲಕ್ಕೆ ಸಾಗಿಸಲು ಹಡಗುಗಳೆಲ್ಲ ತಿಂಗಳುಗಟ್ಟಲೆ ಸಿಕ್ಕಿಕೊಳ್ಳುತ್ತಿದ್ದವು. ಮತ್ತೆ ಆಯುಧ ಹಿಡಿಯುವುದಿಲ್ಲ ಎಂಬ ಮಾತು ಬರೆಸಿಕೊಂಡು ಮನೆಗೆ ಬಿಟ್ಟ. ಅವರಲ್ಲಿ ಕೆಲವರು ನವೆಂಬರಿನಲ್ಲಿ ಚಟ್ಟನೂಗದಲ್ಲಿ ಮತ್ತೆ ಎದುರಿಗೆ ನಿಂತಿದ್ದರು. ಎರಡನೆಯದು, ನದಿ ದಾಟಿ ಬರುತ್ತಿದ್ದ ದನ, ಉಪ್ಪು, ಸಕ್ಕರೆ ವಿಕ್ಸ್‌ಬರ್ಗ್ ಬೀಳುವ ಮೊದಲೇ ಕಡಿಮೆಯಾಗಿತ್ತು. ‘ಅಂದಿನಿಂದ ದಕ್ಷಿಣ ಉಪವಾಸ ಬಿತ್ತು’ ಎಂದು ಬರೆದರೆ ಅತಿಯಾಗುತ್ತದೆ. ಉಳಿದ ನಷ್ಟ ಮಾತ್ರ ಗಟ್ಟಿ. ಟೆಕ್ಸಾಸ್, ಲೂಸಿಯಾನಾ, ಅರ್ಕಾನ್ಸಾ ಕಡೆಯ ದಂಡು ಪೂರ್ವಕ್ಕೆ ಬರಲಾಗದೆ ಅಲ್ಲಲ್ಲೇ ಉಳಿಯಿತು. ಒಂದು ಇಡೀ ಸೈನ್ಯದ ಆಯುಧ ಹೋಯಿತು. ಗ್ರಾಂಟ್‌ನ ಕೈ ಖಾಲಿಯಾಯಿತು. ಆ ಖಾಲಿ ಕೈ ಮೊದಲು ಚಟ್ಟನೂಗಕ್ಕೆ ಹೋಯಿತು, 1864ರ ಮಾರ್ಚಿನಲ್ಲಿ ಇಡೀ ಉತ್ತರದ ಸೇನೆಯ ಮುಖ್ಯಸ್ಥನಾಗಿ ಲೀ ಎದುರಿಗೆ ಬಂದು ನಿಂತಿತು. ಎರಡು ಪ್ರಶ್ನೆಗಳಿಗೂ ಊರು, ದಿನ, ಅಂಕಿ ಹಿಡಿದು ಉತ್ತರ ಸಿಗುತ್ತದೆ. ಜುಲೈ 3 ಮತ್ತು 4 ಒಂದರ ಬೆನ್ನಿಗೆ ಒಂದು ಬಂದದ್ದರಿಂದ ಯುರೋಪಿನ ಪೇಟೆಯಲ್ಲಿ ದಕ್ಷಿಣದ ಹತ್ತಿ ಬಾಂಡುಗಳ ಬೆಲೆ ಕುಸಿದದ್ದಕ್ಕೆ ಯಾವುದು ಎಷ್ಟು ಕಾರಣ ಎಂದು ಬೇರ್ಪಡಿಸುವುದು ಕಷ್ಟ. ಎರಡನ್ನೂ ಒಂದೇ ಪ್ರಶ್ನೆಯೊಳಗೆ ಇಡದಿರಲು ಅದೂ ಒಂದು ಕಾರಣ.

ಇನ್ನು ರಣರಂಗದಲ್ಲಿ ಸಮಸಮವಾದರೂ ತಿರುವಾದ ಕದನವೊಂದಿದೆ: 1862ರ ಸೆಪ್ಟೆಂಬರ್ 17ರ ಆಂಟೀಟಮ್. ಒಂದೇ ದಿನದಲ್ಲಿ ಎರಡೂ ಕಡೆ ಸೇರಿ ಸುಮಾರು 22,700 ನಷ್ಟ. ಲೀ ಮರುದಿನವೂ ಅಲ್ಲೇ ನಿಂತು, ರಾತ್ರಿ ಹಿಂದೆ ಸರಿದ. ಅಷ್ಟೇ ‘ಗೆಲುವು’. ಆದರೆ ಗುಲಾಮರ ವಿಮೋಚನೆಯ ಘೋಷಣೆಯನ್ನು ಲಿಂಕನ್ ಜುಲೈನಿಂದ ಮೇಜಿನ ಖಾನೆಯಲ್ಲಿಟ್ಟಿದ್ದ. ಸೋಲುಗಳ ಬೆನ್ನಿಗೆ ಹೊರಡಿಸಿದರೆ ಕೊನೆಯ ಚೀರಾಟದಂತೆ ಕೇಳುತ್ತದೆಂದು ವಿದೇಶಾಂಗ ಸಚಿವ ಸೀವರ್ಡ್ ತಡೆದಿದ್ದ. ಐದು ದಿನಕ್ಕೆ, ಸೆಪ್ಟೆಂಬರ್ 22ರಂದು, ಅದು ಹೊರಬಿತ್ತು. 1863ರ ಜನವರಿ 1ರಂದು ಜಾರಿಗೆ ಬಂತು. ಅದೇ ಶರತ್ಕಾಲದಲ್ಲಿ ಬ್ರಿಟನ್ನಿನ ಸಚಿವ ಸಂಪುಟ ಮಧ್ಯಸ್ಥಿಕೆಯ ಮಾತಾಡುತ್ತಿತ್ತು, ಅದು ದಕ್ಷಿಣಕ್ಕೆ ಮನ್ನಣೆ ಕೊಟ್ಟಂತೆಯೇ. ಆಂಟೀಟಮ್ ಸುದ್ದಿ ಬಂದ ಮೇಲೆ ಪ್ರಧಾನಿ ಪಾಮರ್‌ಸ್ಟನ್ ಕಾಯೋಣ ಎಂದ. ಘೋಷಣೆಯ ನಂತರ ಸುಮಾರು 1,79,000 ಕಪ್ಪು ಸೈನಿಕರು ಉತ್ತರದ ಸೇನೆಗೆ ಸೇರಿದರು. ದಕ್ಷಿಣದ 90 ಲಕ್ಷ ಜನಸಂಖ್ಯೆಯಲ್ಲಿ ಸುಮಾರು 35 ಲಕ್ಷ ಗುಲಾಮರು ಎಂಬುದನ್ನು ನೆನೆದರೆ ಈ ಅಂಕಿಯ ಭಾರ ತಿಳಿಯುತ್ತದೆ: ಒಂದು ಕಡೆಯ ಹೊಲದಲ್ಲಿ ದುಡಿಯುತ್ತಿದ್ದ ಕೈಗಳು ಇನ್ನೊಂದು ಕಡೆಯ ಬಂದೂಕು ಹಿಡಿದವು. ಇಂಥದ್ದನ್ನು ತುಂಬಿಕೊಳ್ಳಲು ದಕ್ಷಿಣಕ್ಕೆ ದಾರಿಯೇ ಇರಲಿಲ್ಲ.

ಅಟ್ಲಾಂಟಾ ಬಗ್ಗೆ ಬರೆಯದಿದ್ದರೆ ಮುಖ್ಯ ಪರೀಕ್ಷೆಯ ಉತ್ತರ ಪೂರ್ತಿಯಾಗುವುದಿಲ್ಲ. 1864ರ ಆಗಸ್ಟ್ 23ರಂದು ಲಿಂಕನ್ ತಾನು ಚುನಾವಣೆ ಸೋಲುವ ಸಾಧ್ಯತೆಯೇ ಹೆಚ್ಚೆಂದು ಒಂದು ಚೀಟಿ ಬರೆದು, ಮಡಚಿ, ಒಳಗೇನಿದೆ ತೋರಿಸದೆ ಸಚಿವರ ಸಹಿ ಹಾಕಿಸಿಕೊಂಡ. ಎದುರು ಪಕ್ಷ ಆ ತಿಂಗಳ ಕೊನೆಯಲ್ಲಿ ಷಿಕಾಗೋದಲ್ಲಿ ಕೂಡಿ, ಯುದ್ಧ ನಿಲ್ಲಿಸಿ ಮಾತುಕತೆ ಎಂಬ ಠರಾವು ಮಾಡಿತು. ದಕ್ಷಿಣಕ್ಕೆ ಉಳಿದ ದಾರಿ ಅದೊಂದೇ, ನವೆಂಬರಿನವರೆಗೆ ತಡೆಯುವುದು. ಅಟ್ಲಾಂಟಾಕ್ಕೆ ನಾಲ್ಕು ರೈಲು ಹಾದಿ. ಉತ್ತರ ದಿಕ್ಕಿನ ಹಾದಿ ಲಿಂಕನ್ ಕಡೆಯ ಜನರಲ್ ಶೆರ್ಮನ್‌ನದೇ ಆಗಿತ್ತು: ಲೂಯಿವಿಲ್‌ನಿಂದ ಸುಮಾರು 750 ಕಿಲೋಮೀಟರ್, ಒಂಟಿ ಹಳಿ, ದಿನಕ್ಕೆ 160 ಡಬ್ಬಿ, ಡಬ್ಬಿಗೆ 10 ಟನ್, ಅದರ ಮೇಲೆ 1,00,000 ಜನ, 35,000 ಪ್ರಾಣಿಗಳು ಬದುಕಿದವು. ಇದನ್ನೇ ಬಂಡಿಗಳಲ್ಲಿ ತರಬೇಕಾಗಿದ್ದರೆ ಆರಾರು ಹೇಸರಗತ್ತೆ ಕಟ್ಟಿದ 36,800 ಬಂಡಿ ಬೇಕಾಗುತ್ತಿತ್ತು ಎಂದು ಶೆರ್ಮನ್ ತಾನೇ ಲೆಕ್ಕ ಹಾಕಿದ್ದಾನೆ. ಊರಿಗೆ ಅನ್ನ ತರುವ ಉಳಿದ ಮೂರು ಹಾದಿಗಳನ್ನು ಕತ್ತರಿಸುವುದೇ ಅವನ ಬೇಸಿಗೆಯ ಕೆಲಸ. ಕುದುರೆ ಸವಾರರನ್ನು ಕಳಿಸಿ ನೋಡಿದ. ಆಗಲಿಲ್ಲ. ಸವಾರರಿಗೆ ಸಮಯ ಕಡಿಮೆ, ಹಳಿ ಕಿತ್ತು ಬಗ್ಗಿಸಿ ಓಡುತ್ತಾರೆ. ಬಗ್ಗಿದ ಹಳಿಯನ್ನು ನೆಟ್ಟಗೆ ಮಾಡಿ ಎರಡು ದಿನದಲ್ಲಿ ಮತ್ತೆ ಗಾಡಿ ಬಿಡಬಹುದು. ಕಟ್ಟಿಗೆ ಸ್ಲೀಪರುಗಳನ್ನು ಒಟ್ಟಿ ಬೆಂಕಿ ಹಚ್ಚಿ, ಹಳಿಯನ್ನು ಕೆಂಪಗೆ ಕಾಯಿಸಿ, ಮರಕ್ಕೆ ಸುತ್ತಿ ತಿರುಚಿದರೆ ಮಾತ್ರ ಅದು ಕುಲುಮೆಗೆ ಹೋಗದೆ ಬಳಕೆಗೆ ಬಾರದು. ಅದಕ್ಕೆ ಸಾವಿರಾರು ಕಾಲಾಳು, ಅವರಿಗೆ ಪುರಸೊತ್ತು ಬೇಕು. ಕೊನೆಗೆ ಶೆರ್ಮನ್ ಹೆಚ್ಚುಕಡಿಮೆ ಇಡೀ ಸೈನ್ಯವನ್ನೇ ಊರಿನ ದಕ್ಷಿಣಕ್ಕೆ ಸುತ್ತಿಸಿ, ಆಗಸ್ಟ್ 31, ಸೆಪ್ಟೆಂಬರ್ 1ರಂದು ಜೋನ್ಸ್‌ಬರೋದಲ್ಲಿ ಕೊನೆಯ ಹಾದಿಯನ್ನು ಕಡಿದ. ಆ ರಾತ್ರಿಯೇ ದಕ್ಷಿಣದ ಸೇನಾನಿ ಹುಡ್ ಊರು ಬಿಟ್ಟ, ಸೆಪ್ಟೆಂಬರ್ 2ರಂದು ಅಟ್ಲಾಂಟಾ ಉತ್ತರದ ಕೈಗೆ ಬಂತು. ನವೆಂಬರ್ 8ರ ಚುನಾವಣೆಯಲ್ಲಿ ಲಿಂಕನ್‌ಗೆ ಶೇ 55 ಮತ, 212 ಚುನಾಯಕರು, ಎದುರಾಳಿಗೆ 21. ಜೋನ್ಸ್‌ಬರೋ ಎಂಬ ಹೆಸರು ಎಷ್ಟು ಗೈಡುಗಳಲ್ಲಿದೆ?

ಅಮೆರಿಕ ಸಾಕು, ನಮ್ಮ ಕಿಲ್ಲೆಗೇ ಬರೋಣ. 1657ರ ವಸಂತದಲ್ಲಿ ಔರಂಗಜೇಬ ಮತ್ತು ಮೀರ್ ಜುಮ್ಲಾ ಬೀದರಕ್ಕೆ ಮುತ್ತಿಗೆ ಹಾಕಿದರು. ಬುರುಜಿನ ಮದ್ದು ಸಿಡಿದು ಕಿಲ್ಲೇದಾರ ಸಿದ್ದಿ ಮರ್ಜಾನ್ ಸುಟ್ಟ ಗಾಯಗಳಿಂದ ಸತ್ತ, ಕಿಲ್ಲೆ ತಿಂಗಳೊಳಗೆ ಬಿತ್ತು. ಆಮೇಲೆ ಕಲ್ಯಾಣಿ, ಈಗಿನ ಬಸವಕಲ್ಯಾಣ, ಸುಮಾರು ಮೂರು ತಿಂಗಳು ತಡೆದು ನಿಂತು ಬಿತ್ತು. ಸೆಪ್ಟೆಂಬರಿನಲ್ಲಿ ಶಾಹಜಹಾನ್ ಕಾಯಿಲೆ ಬಿದ್ದ. ನಾಲ್ವರು ಮಕ್ಕಳ ನಡುವೆ ಯುದ್ಧ ಶುರುವಾಯಿತು. ಪಾಠಪುಸ್ತಕದ ತಿರುವು: 1658ರ ಬೇಸಿಗೆಯ ಸಾಮೂಗಢ, ಆಗ್ರಾ ಬಳಿ. ಕಾರಣ: ಹಿರಿಯ ಮಗ ದಾರಾ ಆನೆಯಿಂದ ಇಳಿದ, ಅಂಬಾರಿ ಖಾಲಿ ಕಂಡು ದಂಡು ಓಡಿತು. ಕಥೆಯಾಗಿ ಸೊಗಸು. ಆದರೆ ಆ ಹೊತ್ತಿಗೆ ಕೆಲಸ ಬಹಳಷ್ಟು ಮುಗಿದಿತ್ತು.

ದಾರಾ ಚಂಬಲ್ ನದಿಯ ಧೋಲಪುರದ ಹಾಯಗಡಗಳಲ್ಲಿ ತೋಪು ಹೂಡಿ ಕಾಯುತ್ತಿದ್ದ. ಔರಂಗಜೇಬ ಪೂರ್ವಕ್ಕೆ ಸರಿದು ಕಾವಲಿಲ್ಲದ ಕಡೆ ದಾಟಿದ. ದಾರಾ ಭಾರೀ ತೋಪುಗಳನ್ನು ಅಲ್ಲೇ ಬಿಟ್ಟು ಓಡೋಡಿ ಹಿಂದಕ್ಕೆ ಬರಬೇಕಾಯಿತು. ಔರಂಗಜೇಬನ ಕಡೆ ಮೀರ್ ಜುಮ್ಲಾನ ತೋಪುಖಾನೆ ಇತ್ತು, ಬೀದರ, ಕಲ್ಯಾಣಿಯ ಗೋಡೆಗಳ ಮೇಲೆ ಆಗಷ್ಟೇ ಕೈಪಳಗಿಸಿಕೊಂಡದ್ದು. ಆಗ್ರಾ ಮೀರ್ ಜುಮ್ಲಾನನ್ನು ವಾಪಸು ಕರೆದಾಗ ಔರಂಗಜೇಬ ಅವನನ್ನು ಸೆರೆ ಹಿಡಿದಂತೆ ಮಾಡಿ ತೋಪುಗಳನ್ನು ಇಟ್ಟುಕೊಂಡಿದ್ದ. ಕಲ್ಯಾಣಿ ಕಡೆ ಕಾದಿದ್ದ ಬೂಂದಿಯ ಛತ್ರಸಾಲ ಮಾತ್ರ ಕರೆಗೆ ಓಗೊಟ್ಟು ಹೋಗಿ ಸಾಮೂಗಢದಲ್ಲಿ ದಾರಾ ಕಡೆ ಕಾದಿ ಸತ್ತ. ರಣದಲ್ಲಿ ದಾರಾ ತನ್ನ ತೋಪುಗಳನ್ನು ದಾಟಿ ಮುಂದೆ ನುಗ್ಗಿದ್ದರಿಂದ ಅವನ ತೋಪುಗಳೇ ಬಾಯಿ ಮುಚ್ಚಬೇಕಾಯಿತು.

ಇಷ್ಟಾದರೂ ಸಾಮೂಗಢ ತಿರುವಾದದ್ದು ಕದನದ ನಂತರದ ಹತ್ತು ಹದಿನೈದು ದಿನಗಳಲ್ಲಿ. ಔರಂಗಜೇಬ ಆಗ್ರಾ ಕಿಲ್ಲೆಗೆ ಯಮುನೆಯ ನೀರು ತಡೆದ; ಸುಡುಬಿಸಿಲಿನಲ್ಲಿ ಬಾವಿಯ ಉಪ್ಪುನೀರು ಕುಡಿಯಲಾಗದೆ ಶಾಹಜಹಾನ್ ಬಾಗಿಲು ತೆರೆದ. ಖಜಾನೆ, ಶಸ್ತ್ರಾಗಾರ, ಬಾದಶಹ ಮೂರೂ ಒಂದೇ ಕೈಗೆ. ಮನಸಬದಾರರು ಸಾಲುಸಾಲಾಗಿ ಬಂದು ಸಲಾಂ ಹೊಡೆದರು. ಆ ತಿರುವು ಎಷ್ಟು ಗಟ್ಟಿ ಎಂದು ಖಜ್ವಾ ತೋರಿಸಿತು: 1659ರ ಜನವರಿಯಲ್ಲಿ ಇನ್ನೊಬ್ಬ ಅಣ್ಣ ಶುಜಾ ಎದುರಿನ ಕದನದ ಹಿಂದಿನ ರಾತ್ರಿ, ಔರಂಗಜೇಬನ ಕಡೆ ಸೇರಿದ್ದ ಜಸವಂತಸಿಂಗ್ ಔರಂಗಜೇಬನ ಪಾಳೆಯವನ್ನೇ ಲೂಟಿ ಮಾಡಿ ಹೊರಟುಹೋದ, ಆದರೂ ಮರುದಿನ ಗೆದ್ದದ್ದು ಔರಂಗಜೇಬನೇ. ಸಾಮೂಗಢಕ್ಕೆ ಮೊದಲು ಅಂಥ ದ್ರೋಹವಾಗಿದ್ದರೆ ಅವನು ದಖ್ಖನಿಗೆ ಓಡಬೇಕಾಗುತ್ತಿತ್ತು.

ಅದೇ ಕಲ್ಯಾಣದಲ್ಲಿ ಇನ್ನೂ ಆರು ಶತಮಾನ ಹಿಂದೆ, ಚಾಲುಕ್ಯ ಸಿಂಹಾಸನಕ್ಕೆ ಅಣ್ಣ ಎರಡನೇ ಸೋಮೇಶ್ವರ, ತಮ್ಮ ಆರನೇ ವಿಕ್ರಮಾದಿತ್ಯ ಕಾದಿದರು. ಸೋಮೇಶ್ವರ ಚೋಳ ಕುಲೋತ್ತುಂಗನ ಬೆಂಬಲ ಪಡೆದ. ಆದರೆ ಹೊಯ್ಸಳ, ಸೇವುಣ, ಗೋವೆಯ ಕದಂಬ, ಉಚ್ಚಂಗಿಯ ಪಾಂಡ್ಯ ಮಾಂಡಲಿಕರು ತಮ್ಮನ ಕಡೆ ನಿಂತಿದ್ದರು. 1076ರಲ್ಲಿ ಸೋಮೇಶ್ವರ ಸೆರೆಯಾದ, ಚಾಲುಕ್ಯ ವಿಕ್ರಮ ಶಕೆ ಶುರುವಾಯಿತು. ಇದರಲ್ಲಿ ಬಾಯಿಪಾಠ ಮಾಡಬೇಕಾದ ರಣರಂಗದ ಹೆಸರು ಯಾವುದೂ ಇಲ್ಲ. ತಿರುವು ಮಾಂಡಲಿಕರ ಒಡ್ಡೋಲಗಗಳಲ್ಲಿ ಆಗಿತ್ತು.

ಇಂಗ್ಲೆಂಡಿನಲ್ಲಿ ಅರಸನಿಗೂ ಸಂಸತ್ತಿಗೂ ನಡೆದ ಅಂತರ್ಯುದ್ಧ ಚಿಕ್ಕದಾಗಿ: 1644ರ ಮಾರ್ಸ್ಟನ್ ಮೂರ್ ದೊಡ್ಡ ಗೆಲುವು, ಆದರೆ ಸಂಸತ್ತಿನ ಪಡೆಗಳು ಅದೇ ವರ್ಷ ಲಾಸ್ಟ್‌ವಿತಿಯಲ್‌ನಲ್ಲಿ ಸೋತು, ನ್ಯೂಬರಿಯಲ್ಲಿ ಅರಸನನ್ನು ತಪ್ಪಿಸಿಕೊಂಡು ಹೋಗಲು ಬಿಟ್ಟು ಅದನ್ನು ವ್ಯರ್ಥ ಮಾಡಿದವು. ಆ ನಾಚಿಕೆಯಿಂದ 22,000 ಜನರ ಹೊಸ ಸೇನೆ ಹುಟ್ಟಿತು: 11 ಕುದುರೆ ರೆಜಿಮೆಂಟು, 12 ಕಾಲಾಳು, 1 ಡ್ರಾಗೂನ್ (ಕುದುರೆಯೇರಿ ಬಂದು ಇಳಿದು ಕಾದುವವರು). 1645ರ ಜೂನ್ 14ರಂದು ನೇಸ್ಬಿಯಲ್ಲಿ ಅರಸನ ಕಡೆಯ ರೂಪರ್ಟ್ ತನ್ನ ಎದುರಿನವರನ್ನು ಮುರಿದು ಸಾಮಾನು ಬಂಡಿಗಳತ್ತ ಓಡಿದ. ಕ್ರಾಮ್‌ವೆಲ್ ತನ್ನವರನ್ನು ತಡೆದು, ಸಾಲು ಕಟ್ಟಿ, ಅರಸನ ಕಾಲಾಳಿನ ಮೇಲೆ ತಿರುಗಿಸಿದ. ನಾಲ್ಕೂವರೆ ಸಾವಿರದಷ್ಟು ಅನುಭವಿ ಕಾಲಾಳುಗಳು ಸೆರೆಯಾದರು, ಅರಸ ಚಾರ್ಲ್ಸ್‌ನ ಪತ್ರಗಳ ಪೆಟ್ಟಿಗೆಯೂ ಸಿಕ್ಕಿತು. ಅವನು ಐರ್ಲೆಂಡಿನಿಂದ, ಪರದೇಶದಿಂದ ದಂಡು ತರಿಸಲು ಹೊರಟಿದ್ದು ಸಂಸತ್ತು ಅಚ್ಚು ಹಾಕಿಸಿ ಹಂಚಿದ ಆ ಪತ್ರಗಳಿಂದ ಜನಕ್ಕೆ ಗೊತ್ತಾಯಿತು. ಚೀನಾದಲ್ಲೂ 1948ರ ಅಕ್ಟೋಬರ್ 15ರಂದು ಜಿನ್‌ಝೌ ಎಂಬ ರೈಲು ಊರು ಬಿದ್ದದ್ದರಿಂದ ಮಂಚೂರಿಯಾದಲ್ಲಿದ್ದ ರಾಷ್ಟ್ರವಾದಿ ಸರ್ಕಾರದ ದಂಡೆಲ್ಲ ನೆಲಮಾರ್ಗ ಕಳೆದುಕೊಂಡಿತು. ಮುಂದಿನ ಹುವಾಯ್‌ಹಾಯ್ ಕಾಳಗ ಅದಕ್ಕಿಂತ ಬಹಳ ದೊಡ್ಡದು, ಆದರೆ ಅಷ್ಟು ಹೊತ್ತಿಗೆ ಕಮ್ಯುನಿಸ್ಟರ ಬೆನ್ನು ಸುರಕ್ಷಿತವಾಗಿತ್ತು.

ಪ್ರಶ್ನೆ ತಯಾರಿಸುವವರಿಗೆ ಒಂದು ಕೋರಿಕೆ. ‘ತಿರುವು ಯಾವುದು’ ಎಂದು ಕೇಳಿ ನಾಲ್ಕು ಆಯ್ಕೆಗಳಲ್ಲಿ ಗೆಟ್ಟಿಸ್‌ಬರ್ಗ್, ವಿಕ್ಸ್‌ಬರ್ಗ್, ಆಂಟೀಟಮ್ ಮೂರನ್ನೂ ಇಡಬೇಡಿ. ಓದಿದವನೇ ಅಂಕ ಕಳೆದುಕೊಳ್ಳುತ್ತಾನೆ. ಪ್ರಶ್ನೆಯೊಳಗೇ ‘ಯಾವುದಕ್ಕೆ ತಿರುವು’ ಎಂಬುದಿರಲಿ. ಉದಾಹರಣೆಗೆ: ಪರದೇಶಗಳ ಮನ್ನಣೆಯ ಆಸೆಯನ್ನು ದಕ್ಷಿಣದವರಿಂದ ದೂರ ಮಾಡಿ, ವಿಮೋಚನಾ ಘೋಷಣೆಗೆ ದಾರಿ ಮಾಡಿದ 1862ರ ಕದನ ಯಾವುದು? ಮಿಸಿಸಿಪ್ಪಿಯ ಮೇಲೆ ದಕ್ಷಿಣದವರ ಹಿಡಿತ ಕೊನೆಗೊಳಿಸಿದ, 1863ರ ಜುಲೈ 4 ಮತ್ತು 9ರ ಎರಡು ಶರಣಾಗತಿಗಳು ಯಾವುವು? 1864ರ ಚುನಾವಣೆಗೆ ಮುನ್ನ ಉತ್ತರದ ಕೈಸೇರಿದ ರೈಲು ನಗರ ಯಾವುದು? ಒಂದೊಂದಕ್ಕೂ ಒಂದೇ ಉತ್ತರವಿದೆ, ತಕರಾರು ಅರ್ಜಿಗೆ ಆಸ್ಪದವಿಲ್ಲ. ಗೆಟ್ಟಿಸ್‌ಬರ್ಗ್ ಬೇಕೇ ಬೇಕೆಂದರೆ ‘ಲೀ ತನ್ನ ಇಡೀ ಸೈನ್ಯದೊಂದಿಗೆ ಉತ್ತರದ ನೆಲದಲ್ಲಿ ಕೊಟ್ಟ ಕೊನೆಯ ದೊಡ್ಡ ಕದನ’ ಎಂದು ಕೇಳಿ.

— ಇತಿಹಾಸ ಅಧ್ಯಾಪಕರು ಕೆಲವರು, ಬೀದರ